ಪೊರೆ ಬಿಟ್ಟ ನಾಲ್ಕು ಗಾಲಿಗಳು

ಮುನವಳ್ಳಿಯ ಡ್ರೈವರ್ ತನ್ನ ಬಾಡಿಗೆ ಕಾರನ್ನು ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದಾಗ ನಾನು ಮೊದಲು ನೋಡಿದ್ದು ಗಾಲಿಗಳನ್ನೇ. ಕಾರಿನ ಮೈ ನೆಟ್ಟಗಿತ್ತು. ಗಾಲಿಗಳು ಮಾತ್ರ ಪೊರೆ ಬಿಡುವ ಹಾವಿನ ಹಾಗೆ ಕಾಣುತ್ತಿದ್ದವು. ಅಲಾಯ್ ಗಾಲಿಯ ಮೇಲೆ ಕ್ಲಿಯರ್ ಎಂದು ಒಂದು ಕೊನೆಯ ಪದರು ಇರುತ್ತದೆ. ಬಣ್ಣವಿಲ್ಲ, ಗಾಜಿನಂತೆ ಇರುತ್ತದೆ, ಲೋಹವನ್ನು ಕಾಯುವುದೇ ಅದರ ಕೆಲಸ. ಆ ಪದರು ಅಂಚಿನಿಂದ ಎದ್ದು ಹಕ್ಕಳೆ ಹಕ್ಕಳೆಯಾಗಿ ಸುಲಿದಿತ್ತು. ಇನ್ನೂ ಅಂಟಿಕೊಂಡಿದ್ದ ಕಡೆ ಅದರ ಕೆಳಗೆ ಗೆದ್ದಲಿನ ಹಾದಿಯಂಥ ಬಿಳಿ ಗೆರೆಗಳು ಹರಿದಿದ್ದವು. ಕೆಲವು ಗೆರೆಗಳ ಒಳಗೆ ಹಳದಿ ಬಣ್ಣ ಇಳಿದಿತ್ತು.

ಹಳದಿ ಎಲ್ಲಿಂದ ಬಂತೆಂದು ಕೇಳುವ ಅಗತ್ಯವಿರಲಿಲ್ಲ. ಆ ಕಾರು ಬೆಳಗಾದರೆ ಸವದತ್ತಿಯ ದೇವಿಯ ಗುಡ್ಡಕ್ಕೆ ಜನರನ್ನು ಒಯ್ಯುತ್ತದೆ. ಗುಡ್ಡಕ್ಕೆ ಹೋದವರು ಹಣೆಗೆ ಹಚ್ಚಿಕೊಂಡಷ್ಟೇ ಭಕ್ತಿಯಿಂದ ಗಾಡಿಯ ಮೇಲೂ ಭಂಡಾರದ ಅರಿಷಿಣ ತೂರುತ್ತಾರೆ. ಅಮಾವಾಸ್ಯೆಗೆ ಮುಂದಿನ ಗಾಲಿಗೆ ಕಾಯಿ ಒಡೆಯುತ್ತಾರೆ. ತಾಳ್ಮೆ ಇದ್ದವರು ಕಲ್ಲಿಗೆ ಒಡೆದು ನೀರನ್ನು ಗಾಲಿಗೆ ಸುರಿಯುತ್ತಾರೆ. ಈ ಡ್ರೈವರನಂಥ ಅವಸರದವರು ಗಾಲಿಯ ಅಂಚಿಗೇ ಹೊಡೆಯುತ್ತಾರೆ. ಹೊಡೆತ ಬಿದ್ದಲ್ಲಿ ಕ್ಲಿಯರಿಗೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಆ ಬಿರುಕಿನೊಳಗೆ ಕಾಯಿಯ ನೀರು, ಭಂಡಾರ, ಆಮೇಲೆ ಒಂದು ಮಳೆಗಾಲ. ಅಲ್ಯುಮಿನಿಯಂ ಒಳಗೊಳಗೇ ಹಿಟ್ಟಾಗುತ್ತದೆ, ಮೇಲಿನ ಪದರು ಹಿಡಿತ ಬಿಡುತ್ತದೆ.

“ಪೇಂಟರ್ ಅಣ್ಣಾರ, ಇದರ ಮ್ಯಾಲೆ ಒಂದ ಕೈ ಕ್ಲಿಯರ್ ಹೊಡದ ಕೊಡ್ರಿ. ನಾಳೆ ಒಯ್ತೇನಿ” ಅಂದ ಡ್ರೈವರ್.

“ನಾಳೆ ಒಯ್ದರ ನಾಡದ ಮತ್ತ ತರತೀ.”

“ಮದುವಿ ಸೀಜನ್ ಬಂತ್ರಿ. ಮದುಮಗನ್ನ ಕೂಡ್ರಸೂ ಗಾಡಿ ಇದು. ಬೀಗರು ಮೊದಲ ಗಾಲಿ ನೋಡತಾರ.”

“ಮದುಮಗನ ಮಾರಿ ನೋಡೂದಿಲ್ಲೇನ?”

“ಅದನ್ನ ನಿಶ್ಚಯದಾಗ ನೋಡಿರ್ತಾರಲ್ರಿ. ಅದಕ್ಕ ಈಗ ಯಾರೂ ಏನೂ ಮಾಡಾಕ ಬರೂದಿಲ್ಲ. ಗಾಲಿಗಾದರ ನೀವ ಅದೀರಿ.”

ಸುಲಿದದ್ದರ ಮೇಲೆ ಬಳಿಯುವವನು ನಾನಲ್ಲ. ಬೈಲಹೊಂಗಲದಲ್ಲಿ ಹಾಗೆ ಬಳಿದುಕೊಡುವವರು ಇದ್ದಾರೆ, ಅವರ ಶೆಡ್ಡಿನ ಮುಂದೆ ಗಾಡಿಗಳೂ ನಿಲ್ಲುತ್ತವೆ. ನಾನು ಏಳನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟವನು. ನನ್ನ ಬಳಿ ತೋರಿಸಲು ಬೇರೆ ಕಾಗದವಿಲ್ಲ, ಹೊಡೆದ ಬಣ್ಣವೇ ನನ್ನ ಕಾಗದ. ಪೂರಾ ಸುಲಿದು, ಲೋಹಕ್ಕೆ ಇಳಿದು, ಅಲ್ಲಿಂದ ಕಟ್ಟಿಕೊಂಡು ಬರುತ್ತೇನೆ, ಒಪ್ಪಿಗೆ ಇದ್ದರೆ ಗಾಡಿ ಬಿಡು ಅಂದೆ. ಬಿಟ್ಟು ಹೋದ.

ಆ ಹೊತ್ತಿಗೆ ಒಂದು ಕೆಮ್ಮು ನನ್ನ ಬೆನ್ನು ಹತ್ತಿತ್ತು. ದೀಪಾವಳಿಯಿಂದ ಇತ್ತು, ಈಗ ಶಿವರಾತ್ರಿ ಹತ್ತಿರ ಬಂದಿತ್ತು. ಬಣ್ಣ ಸಿಂಪಡಿಸುವ ಗನ್ ಹಿಡಿಯುವವನಿಗೆ ಕೆಮ್ಮು ಬಂತೆಂದರೆ ಅಕ್ಕಸಾಲಿಗನ ಕೈ ನಡುಗಿದ ಹಾಗೆ. ಗನ್ ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ ಹೋಗಬೇಕು. ಉಸಿರು ಎಳೆದರೆ ಭುಜ ಏಳುತ್ತದೆ, ಭುಜ ಎದ್ದರೆ ಗನ್ ಏಳುತ್ತದೆ. ಅದಕ್ಕೇ ನಾನು ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಒಂದು ಅರ ಮುಗಿಯುವ ತನಕ ಉಸಿರು ಹಿಡಿಯುತ್ತಿದ್ದೆ. ಆ ವರ್ಷ ಉಸಿರು ಹಿಡಿಯುವುದೇ ಕಷ್ಟವಾಗುತ್ತಾ ಬಂದಿತ್ತು. ಯಾರಿಗೂ ಹೇಳಿರಲಿಲ್ಲ.

ಕೆಮ್ಮಿನ ತಪ್ಪನ್ನು ನಾನು ಪಕ್ಕದ ಗಿರಣಿಯ ಮೇಲೆ ಹೊರಿಸಿದ್ದೆ. ನನ್ನ ಶೆಡ್ಡಿಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇದೆ. ಆ ದಿನಗಳಲ್ಲಿ ಊರಿನವರೆಲ್ಲ ವರ್ಷದ ಖಾರ ಕುಟ್ಟಿಸಲು ಒಣ ಮೆಣಸಿನಕಾಯಿ ತರುತ್ತಾರೆ. ಖಾರದ ಘಾಟು ತಗಡಿನ ಸಂದಿಯಿಂದ ಒಳಗೆ ಬರುತ್ತಿತ್ತು. ಗಿರಣಿ ನಡೆಸುವ ಹೆಂಗಸು ನನಗಿಂತ ಹಿರಿಯಳು, ಅಕ್ಕ ಎಂದೇ ಕರೆಯುತ್ತೇನೆ.

“ಅಕ್ಕಾ, ನಿನ್ನ ಖಾರ ನನ್ನ ಎದಿ ತಿನ್ನಾಕ ಹತ್ತೇತಿ. ಪಡದೆ ಕಟ್ಟಸು” ಅಂದಿದ್ದೆ.

“ನಿನ್ನ ಪೇಂಟಿನ ವಾಸನಿ ನನ್ನ ಹಿಟ್ಟಿಗೆ ಹತ್ತಿ ಮಂದಿ ರೊಟ್ಟಿ ತಿನವಲ್ರು. ನಾ ಏನ ಅಂದೇನೇನ?” ಅಂದಳು. “ಮೂವತ್ತ ವರ್ಷಾತು ಈ ಖಾರದಾಗ ಕುಂತೇನಿ ತಮ್ಮಾ. ನಾ ಒಮ್ಮಿ ಕೆಮ್ಮಿದ್ದ ಕೇಳಿಯೇನ? ನಿಂದ ಎದಿ ಅಲ್ಲ, ಹಪ್ಪಳ.”

ಗಾಲಿಗಳ ಕೆಲಸ ಹಿಡಿದೆ. ಟೈರು ಕಳಚಿಸಿ ತಂದು ಸೋಪಿನ ಪುಡಿ ಹಾಕಿ ತಿಕ್ಕಿದಾಗ ಹಳದಿಯೆಲ್ಲ ರಕ್ತದ ಹಾಗೆ ಕೆಂಪಾಯಿತು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಸೋಪಿಗೂ ಹಾಗೇ ಆಗುತ್ತದೆ. ತೊಳೆದರೆ ಹೋಯಿತು ಅಂದುಕೊಂಡೆ. ಆಮೇಲೆ ಬಣ್ಣ ಸುಲಿಯುವ ಲೇಹ್ಯದಂಥ ಕೆಮಿಕಲ್ ಹಚ್ಚಿ ಬಿಟ್ಟೆ. ಹಳೆಯ ಕ್ಲಿಯರ್ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಕಬ್ಬಿಣದ ಪಟ್ಟಿಯಿಂದ ಕೆರೆದರೆ ಅಲ್ಯುಮಿನಿಯಂಗೆ ಗೀರು ಬೀಳುತ್ತದೆ, ಅದಕ್ಕೆ ಬಿದಿರಿನ ಚಕ್ಕೆಯಿಂದ ಕೆರೆದು ತೆಗೆದೆ.

ಆ ಗಾಲಿಗಳದು ಒಂದು ಕಷ್ಟ. ಅರಗಳ ಮುಖ ಬರಿಯ ಲೋಹ, ಸಂದುಗಳಲ್ಲಿ ಮಾತ್ರ ಕಪ್ಪು ಬಣ್ಣ. ಕ್ಲಿಯರಿನ ಕೆಳಗೆ ಬೇರೆ ಬಣ್ಣವಿಲ್ಲದ್ದರಿಂದ ತಪ್ಪನ್ನು ಮುಚ್ಚಲು ಏನೂ ಇರುವುದಿಲ್ಲ. ಲೋಹದ ಮುಖದ ಮೇಲೆ ಮಶೀನಿನ ಸಣ್ಣ ಗೆರೆಗಳು ಸುತ್ತಲೂ ಹರಿದಿರುತ್ತವೆ. ಹೇಗೆಂದರೆ ಹಾಗೆ ಪಾಲಿಶ್ ಪೇಪರ್ ಉಜ್ಜಿದರೆ ಆ ಗೆರೆ ಕೆಡುತ್ತದೆ, ಗಾಲಿ ಸವೆದ ಬೋಗುಣಿಯ ಹಾಗೆ ಮಂಕಾಗುತ್ತದೆ. ಹಳೆಯ ಕಾರಿನಲ್ಲಿ ಗಾಲಿ ಬಿಗಿಯುವ, ತಿರುಗುವ ಹಬ್ ಒಂದನ್ನು ಸ್ಟ್ಯಾಂಡಿಗೆ ವೆಲ್ಡ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಗಾಲಿಯನ್ನು ಅದಕ್ಕೆ ಬಿಗಿದು, ಹೆಂಡತಿ ತಿರುಗಿಸುತ್ತಾಳೆ, ನಾನು ನೀರು ಹಚ್ಚಿದ ಪೇಪರನ್ನು ಒಂದೇ ಕಡೆ ಒತ್ತಿ ಹಿಡಿಯುತ್ತೇನೆ. ಕುಂಬಾರನ ತಿಗರಿಯ ಲೆಕ್ಕ. ಒರಟು ಪೇಪರಿನಿಂದ ಶುರುಮಾಡಿ ನುಣುಪಿಗೆ ಬರುವ ಹೊತ್ತಿಗೆ ಗೆರೆಗಳು ತಾವಾಗಿ ಸುತ್ತು ಹಿಡಿಯುತ್ತವೆ.

ಉಜ್ಜಿದ ಲೋಹವನ್ನು ಕೈಯಿಂದ ಮುಟ್ಟುವಂತಿಲ್ಲ. ಬೆವರಿನ ಬೆರಳು ಬಿದ್ದರೆ ನಾಳೆ ಅಲ್ಲೇ ಕ್ಲಿಯರ್ ಏಳುತ್ತದೆ. ಬಹಳ ಹೊತ್ತು ಬಿಡುವಂತೆಯೂ ಇಲ್ಲ. ಬರಿಯ ಅಲ್ಯುಮಿನಿಯಂ ಗಾಳಿಗೆ ಬಿದ್ದರೆ ಕಣ್ಣಿಗೆ ಕಾಣದ ಬೂದಿ ಹಿಡಿಯುತ್ತದೆ. ಬೆಳಗ್ಗೆ ಉಜ್ಜಿದ್ದನ್ನು ಸಂಜೆಯೊಳಗೆ ಮುಚ್ಚಲೇಬೇಕು.

ಮೊದಲ ಗಾಲಿಗೆ ಗನ್ ಹಿಡಿದೆ. ಅದಕ್ಕೆ ಮುಂಚೆ ನನ್ನ ಪದ್ಧತಿಯಂತೆ ಹೆಗಲ ಮೇಲಿನ ವಲ್ಲಿಯನ್ನು ನೀರಿನಲ್ಲಿ ಹಿಂಡಿ ಮೂಗು ಬಾಯಿ ಸುತ್ತಿ ಕಟ್ಟಿಕೊಂಡೆ, ದವಡೆಯಲ್ಲಿ ಒಂದು ಉಂಡೆ ಬೆಲ್ಲ ಇಟ್ಟುಕೊಂಡೆ. ನಮ್ಮ ಕಡೆ ಪೇಂಟರರೆಲ್ಲ ಹೀಗೇ ಮಾಡುತ್ತಾರೆ. ಗಿರಣಿಯವರು, ಹತ್ತಿ ಜಿನ್ನಿನವರು, ಸಿಮೆಂಟಿನ ಚೀಲ ಹೊರುವವರು, ಎಲ್ಲರೂ ಬೆಲ್ಲ ತಿನ್ನುತ್ತಾರೆ. ಬೆಲ್ಲ ಧೂಳನ್ನು ಹಿಡಿದು ಕೆಳಗೆ ಇಳಿಸುತ್ತದೆ ಎಂಬ ಮಾತು. ಕಬ್ಬಿನ ಸೀಮೆಯಲ್ಲಿ ಬೆಲ್ಲಕ್ಕೇನು ಕೊರತೆ. ನನಗೆ ಕೆಲಸ ಕಲಿಸಿದವರು ಗನ್ ಕೊಡುವ ಮೊದಲು ಬೆಲ್ಲ ಕೊಟ್ಟಿದ್ದರು.

ಕ್ಲಿಯರಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಕಲಸಿ, ನೆಲಕ್ಕೆ ನೀರು ಹೊಡೆದು ಧೂಳು ಕೂರಿಸಿ, ಒಂದು ತೆಳು ಕೋಟು ಹೊಡೆದೆ. ಕೈಗೆ ಅಂಟುವಷ್ಟು ಆರಿದ ಮೇಲೆ ಎರಡನೆಯದು, ತುಂಬು ಕೋಟು. ಹೊಡೆದು ಹಿಂದೆ ಸರಿದಾಗ ಗಾಲಿ ಕೆರೆಯ ನೀರಿನ ಹಾಗೆ ಹೊಳೆಯುತ್ತಿತ್ತು. ಚಹಾ ಕುಡಿದು ಬಂದು ನೋಡುತ್ತೇನೆ, ಅಂಚಿನ ಹತ್ತಿರ ಕ್ಲಿಯರಿನೊಳಗೆ ಹಳದಿ ಹೊಗೆ ಹರಡಿದೆ.

ತೊಳೆದಾಗ ಹೋಗಿದ್ದು ಮೇಲಿನದು ಮಾತ್ರ. ತುಕ್ಕು ಕೊರೆದ ಸಣ್ಣ ಸಣ್ಣ ಕುಳಿಗಳಲ್ಲಿ ಅರಿಷಿಣ ಕೂತಿತ್ತು. ಅದು ನೀರಿಗೆ ಬಿಡುವುದಿಲ್ಲ, ಥಿನ್ನರಿಗೆ ಬಿಡುತ್ತದೆ. ಕ್ಲಿಯರಿನಲ್ಲಿ ಇರುವುದೇ ಥಿನ್ನರು. ಅಷ್ಟೂ ಕೆಲಸವನ್ನು ಮತ್ತೆ ಲೇಹ್ಯ ಹಚ್ಚಿ ಸುಲಿದೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಹಳದಿಯಾಗುತ್ತಲೇ ಹೋಯಿತು, ಕುಳಿ ಬಿಡಲಿಲ್ಲ. ಇನ್ನೂ ಆಳಕ್ಕೆ ಉಜ್ಜಿದರೆ ಲೋಹದ ಮುಖ ತಗ್ಗಾಗುತ್ತದೆ. ನಾನು ಸಿಟ್ಟಿನಲ್ಲಿ ಬಟ್ಟೆ ಒಗೆದೆ.

ಹೆಂಡತಿ ಅದನ್ನು ಎತ್ತಿಕೊಂಡು ನೋಡಿದಳು. “ಅರಿಷಿಣದ ಕಲಿ ಅಲ್ಲೇನ್ರಿ ಇದು? ಸೀರಿಗೆ ಬಿದ್ದರ ನಾವು ಬಿಸಲಿಗೆ ಹಾಕತೇವಿ. ಸೋಪಿಗೆ ಹೋಗಲಾರದ್ದ ಬಿಸಲಿಗೆ ಹೋಗತೈತಿ.”

“ಇದು ಸೀರಿ ಅಲ್ಲ.”

“ಅರಿಷಿಣಕ್ಕೇನ ಗೊತ್ತ ಅದು?”

ನಾಲ್ಕೂ ಗಾಲಿಗಳನ್ನು ತಗಡಿನ ಮೇಲೆ ಏರಿಸಿ ಬಿಸಿಲಿಗೆ ಮಲಗಿಸಿದೆವು. ಹೊತ್ತು ಇಳಿಯುವಷ್ಟರಲ್ಲಿ ಹಳದಿ ಬೆಳ್ಳಗಾಗಿತ್ತು. ಮತ್ತೆ ಥಿನ್ನರಿನ ಬಟ್ಟೆ ಒರೆಸಿದೆ, ಬಟ್ಟೆಗೆ ಏನೂ ಹತ್ತಲಿಲ್ಲ. ಹೆಂಡತಿ ಆ ಬಟ್ಟೆಯನ್ನು ಮಡಚಿ ನನ್ನ ಮುಂದೆ ಇಟ್ಟು ಹೋದಳು.

ಮರುದಿನ ಮೊದಲ ಎರಡು ಗಾಲಿಗಳನ್ನು ಮತ್ತೆ ಉಜ್ಜಿ ಸಿದ್ಧ ಮಾಡಿದೆ. ಒಂದಕ್ಕೆ ಹೊಡೆದದ್ದು ಚೊಕ್ಕವಾಗಿ ಕೂತಿತು. ಎರಡನೆಯದಕ್ಕೆ ತುಂಬು ಕೋಟು ಹೊಡೆಯುತ್ತಿದ್ದಾಗ ಕೆಮ್ಮು ಬಂತು. ಗನ್ ಒಂದೇ ಅರದ ಮೇಲೆ ಒಂದು ಗಳಿಗೆ ನಿಂತುಬಿಟ್ಟಿತು. ಕ್ಲಿಯರ್ ಕಣ್ಣೀರಿನ ಹಾಗೆ ಕೆಳಗಿಳಿದು ಅಂಚಿನಲ್ಲಿ ಹನಿಗಟ್ಟಿತು. ನನ್ನ ಕೈಯಲ್ಲಿ ಬಣ್ಣ ಇಳಿದದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು.

“ಕಂಪ್ರೆಸರದಾಗ ನೀರ ಕುಂತೈತಿ” ಅಂತ ಹೆಂಡತಿಗೆ ನೆಪ ಹೇಳಿದೆ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ಕೆಳಗಿನ ಬೋಲ್ಟು ಬಿಚ್ಚಿ ಅವಳ ಮುಂದೆಯೇ ನೀರು ಹೊರಗೆ ಬಿಟ್ಟೆ. ಚಮಚದಷ್ಟೂ ಬರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಎದೆಯೊಳಗೆ ಯಾರೋ ಹಗ್ಗ ಬಿಗಿದ ಹಾಗಾಯಿತು, ಉಸಿರು ಸಿಕ್ಕಲಿಲ್ಲ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತೆ. ಒಳಗೆ ಎಳೆದದ್ದು ಹೊರಗೆ ಹೋಗುತ್ತಿರಲಿಲ್ಲ, ಸಣ್ಣಗೆ ಸೀಟಿ ಊದಿದಂತೆ ಸದ್ದು. ಕೆಮ್ಮು ಹಗಲೂ ಬರುತ್ತಿತ್ತು, ಹೀಗೆ ಉಸಿರು ಕಟ್ಟುವುದು ಮಾತ್ರ ಯಾವಾಗಲೂ ಸಂಜೆಯ ಹೊತ್ತಿಗೇ. ಗನ್ ಹಿಡಿದದ್ದು ಮಧ್ಯಾಹ್ನ, ಉಸಿರು ಹತ್ತುವುದು ದೀಪ ಹಚ್ಚುವ ಹೊತ್ತಿಗೆ. ನಡುವೆ ಅಷ್ಟು ಹೊತ್ತು ಆರಾಮ ಇದ್ದುದರಿಂದ ನನಗೆ ಗನ್ನಿನ ಮೇಲೆ ಸಂಶಯವೇ ಬಂದಿರಲಿಲ್ಲ. ಖಾರ, ಥಂಡಿ, ಕಡಲೆಬೇಳೆ, ಎಲ್ಲದರ ಮೇಲೆ ಬಂದಿತ್ತು.

ಬೆಳಗ್ಗೆ ಸಿಟ್ಟಿನಲ್ಲೇ ಗಿರಣಿಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಅಕ್ಕ ಹೊಸ್ತಿಲ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

“ನಿನ್ನ ಖಾರದಿಂದ ನಿನ್ನೆ ಸಾಯೂದ ಉಳಿದಿತ್ತು ನಾನು” ಅಂದೆ.

“ನಿನ್ನೆ ಖಾರ ಎಲ್ಲಿತ್ತೋ? ಮೊನ್ನೆ ಮುಂಜಾನಿ ಬೆಲ್ಟ ಹರದೈತಿ. ಧಾರವಾಡದಿಂದ ಬರಬೇಕು. ಗಿರಣಿ ಸಪ್ಪಳ ಇಲ್ಲ ಅನ್ನೂದೂ ಗೊತ್ತಾಗಿಲ್ಲ ನಿನಗ?”

ನಿಜಕ್ಕೂ ಗೊತ್ತಾಗಿರಲಿಲ್ಲ. ಅಲ್ಲೇ ನಿಂತೆ. ಅವಳು ತೊಟ್ಟು ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

“ತಮ್ಮಾ, ನಿನ್ನ ತುಟಿ ಕಪ್ಪಾಗ್ಯಾವ. ದವಾಖಾನಿಗೆ ಹೋಗು.”

ದವಾಖಾನೆಗೆ ಹೋಗಲಿಲ್ಲ, ಶೆಡ್ಡಿಗೆ ಹೋದೆ. ಇಳಿದ ಕ್ಲಿಯರನ್ನು ಉಜ್ಜಿ ಸಪಾಟು ಮಾಡಿ ಎರಡನೆಯ ಗಾಲಿಗೆ ಮತ್ತೆ ಹೊಡೆದೆ. ಈ ಸಲ ಇಳಿಯಲಿಲ್ಲ. ಅದು ನನ್ನ ಕೈಯ ಚೊಕ್ಕ ಕೆಲಸಗಳಲ್ಲಿ ಒಂದು, ಇವತ್ತಿಗೂ ಹೇಳುತ್ತೇನೆ. ಸಂಜೆ ನೆಲಕ್ಕೆ ಕೂತವನು ಏಳಲಿಲ್ಲ. ಹೆಂಡತಿ ಅಕ್ಕನನ್ನು ಕರೆದಳು, ಇಬ್ಬರೂ ಸೇರಿ ರಿಕ್ಷಾದಲ್ಲಿ ಹಾಕಿಕೊಂಡು ಹೋದರು.

ಮುಖಕ್ಕೆ ಹೊಗೆಯಂಥ ಔಷಧ ಹಿಡಿದು, ಉಸಿರು ಮರಳಿದ ಮೇಲೆ ಡಾಕ್ಟರು ಬಂದು ಕೂತರು. ವಯಸ್ಸಾದವರು, ಈ ಕಡೆಯವರೇ.

“ಏನ ಕೆಲಸ?”

“ಗಾಡಿ ಪೇಂಟ್ರಿ.”

“ಕೆಲಸಾ ಇಲ್ಲದ ದಿನ ಈ ತ್ರಾಸ ಇರತೈತೇನ?”

ನಾನು ಲೆಕ್ಕ ಹಾಕಿದೆ. ಕೆಲಸವಿಲ್ಲದ ದಿನಗಳೇ ಕಡಿಮೆ. ಹೆಂಡತಿ ನನಗಿಂತ ಮೊದಲು ಹೇಳಿದಳು: “ಸಿರಸಂಗಿಗೆ ನಮ್ಮ ತವರಮನಿಗೆ ಹೋದಾಗ ಇರಲಿಲ್ರಿ. ಅಲ್ಲೆ ಆರಾಮ ಮಲಗತಿದ್ರು.”

“ಮಾರಿಗೆ ಏನ ಕಟ್ಟಕೋತೀರಿ?”

“ಹಸಿ ವಲ್ಲಿರಿ. ಮ್ಯಾಲೆ ಬೆಲ್ಲಾ ತಿಂತೇನ್ರಿ.”

ಅವರು ನಗಲಿಲ್ಲ. ಎಷ್ಟೋ ಜನರಿಂದ ಆ ಮಾತು ಕೇಳಿದವರ ಹಾಗೆ ಗೋಣು ಹಾಕಿದರು. “ಬೆಲ್ಲಾ ಹೊಟ್ಟಿಗೆ ಹೋಗತೈತಿ. ಗಾಳಿ ಎದಿಗೆ ಹೋಗತೈತಿ. ಎರಡೂ ಎಲ್ಲೆ ಭೆಟ್ಟಿ ಆಗಬೇಕು?”

ಕ್ಲಿಯರಿಗೆ ಕಲಸುವ ಹಾರ್ಡನರಿನಲ್ಲಿ ಒಂದು ವಿಷವಿದೆ, ಗನ್ನಿನಿಂದ ಅದು ಮಂಜಾಗಿ ಹಾರುತ್ತದೆ, ಹಸಿ ಬಟ್ಟೆ ಅದನ್ನು ತಡೆಯುವುದಿಲ್ಲ ಎಂದು ಬಿಡಿಸಿ ಹೇಳಿದರು.

“ಛಲೋ ಮಾಸ್ಕ್ ತಗೊಂಡ ಹೊಡದರ ನಡೀತೈತೇನ್ರಿ?” ಎಂದೆ.

“ಮೊದಲಿಂದ ಹಾಕ್ಕೊಂಡಿದ್ರ ನಡೀತಿತ್ತು. ಈಗ ನಿಮ್ಮ ಎದಿ ಅದರ ಗುರ್ತಾ ಹಿಡದೈತಿ. ಸಾಸಿವಿಯಷ್ಟ ಒಳಗ ಹೋದರೂ ಬಾಗಲಾ ಹಾಕ್ಕೋತೈತಿ. ಇವತ್ತ ತೆಗದೇವಿ. ಇನ್ನೊಮ್ಮಿ ತೆಗೀತೈತೋ ಇಲ್ಲೋ, ನಾ ಹೇಳಾಕ ಬರೂದಿಲ್ಲ.”

ಮನೆಯಲ್ಲಿ ಮಲಗಿದೆ. ಉಸಿರು ಸಲೀಸಾಯಿತು. ಸಲೀಸಾದ ಕೂಡಲೇ ಮನಸ್ಸು ತನ್ನ ವಕಾಲತ್ತು ಶುರುಮಾಡಿತು. ಇನ್ನು ಎರಡೇ ಗಾಲಿ. ಡ್ರೈವರ್ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ, ರಾಮದುರ್ಗದ ಒಂದು ಮದುವೆಗೆ ಮಾತು ಕೊಟ್ಟಿದ್ದನಂತೆ. ಅರ್ಧ ಮಾಡಿದ ಗಾಡಿ ನನ್ನ ಶೆಡ್ಡಿನಿಂದ ಇಲ್ಲಿಯ ತನಕ ಹೊರಗೆ ಹೋಗಿಲ್ಲ. ಈ ಎರಡನ್ನು ಮುಗಿಸಿ ಆಮೇಲೆ ನೋಡಿದರಾಯಿತು ಅಂದುಕೊಂಡೆ. ಹೆಂಡತಿಗೆ, ಬರೇ ಉಜ್ಜುವ ಕೆಲಸ ಮಾಡುತ್ತೇನೆ ಅಂದೆ.

“ಉಜ್ಜಿದ್ದನ್ನ ಸಂಜಿ ಒಳಗ ಮುಚ್ಚಬೇಕು ಅಂತ ನೀವ ಹೇಳತೀರಿ. ಮುಚ್ಚಾವ್ರು ಯಾರು?” ಅಂದಳು. ನಾನು ಶೆಡ್ಡಿನ ಬಾಗಿಲು ತೆರೆದು ಪೇಪರನ್ನು ನೀರಿಗೆ ಹಾಕಿದೆ. ಅವಳು ಹಬ್ ಸ್ಟ್ಯಾಂಡಿನ ಹತ್ತಿರ ಬಂದು ಗಾಲಿ ತಿರುಗಿಸತೊಡಗಿದಳು. ತಿರುಗಿಸುತ್ತಲೇ ಇದ್ದಳು, ನನ್ನ ಕಡೆ ನೋಡಲಿಲ್ಲ.

ಎರಡೂ ಗಾಲಿ ಉಜ್ಜಿದೆವು. ನೀರು ಹಚ್ಚಿ ಉಜ್ಜುವುದರಿಂದ ಧೂಳಿಲ್ಲ, ಎದೆಗೆ ಏನೂ ಆಗಲಿಲ್ಲ. ಧೈರ್ಯ ಬಂತು. ಸಂದುಗಳ ಕಪ್ಪನ್ನು ಕುಂಚದಿಂದಲೇ ತಿದ್ದಿದೆ. ಥಿನ್ನರಿನಲ್ಲಿ ಒರೆಸಿ ಗಾಲಿಗಳನ್ನು ಸ್ಟ್ಯಾಂಡಿಗೆ ಏರಿಸಿದೆ. ಹೆಂಡತಿ ನೀರು ತರಲು ಹೋದಾಗ ಕ್ಲಿಯರ್ ಅಳೆದು ಹಾಕಿ, ಹಾರ್ಡನರಿನ ಡಬ್ಬಿಯ ಮುಚ್ಚಳ ತೆಗೆದೆ. ಗನ್ ಇನ್ನೂ ಗೂಟದ ಮೇಲಿತ್ತು. ಬರೇ ಮುಚ್ಚಳ ತೆಗೆದೆ, ಅಷ್ಟೇ. ಹಗ್ಗ ಬಿಗಿಯಿತು. ಈ ಸಲ ಸಂಜೆಯ ತನಕ ಕಾಯಲಿಲ್ಲ.

ಮುಚ್ಚಳ ಹಾಕಿ, ಗೋಡೆ ಹಿಡಿದು ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತೆ. ಡಾಕ್ಟರು ಕೊಟ್ಟ ಪಂಪನ್ನು ಬಾಯಿಗೆ ಹಿಡಿದು ಎಳೆದೆ. ಉಸಿರು ತಿಳಿಯಾಗುವ ತನಕ ಶೆಡ್ಡಿನ ಒಳಗಿದ್ದ ಆ ಎರಡು ಗಾಲಿಗಳನ್ನು ನೋಡುತ್ತಾ ಕೂತೆ. ಬರಿಮೈಯಲ್ಲಿ ನಿಂತಿದ್ದವು. ಅವಕ್ಕೂ ಹೊತ್ತು ಕಡಿಮೆ ಇತ್ತು. ಯಾರಾದರೂ ಹೊಡೆಯಲೇಬೇಕು, ನಾನು ಹೊಡೆಯುವಂತಿಲ್ಲ. ಎಷ್ಟು ಕಡೆಯಿಂದ ತಿರುಗಿಸಿ ನೋಡಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ನೇಸರಗಿಯಲ್ಲಿ ಒಬ್ಬ ಪೇಂಟರ್ ಇದ್ದಾನೆ. ನನ್ನ ವಾರಿಗೆಯವನು, ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು ನಾವು. ಯಾರ ಕೈ ಹೆಚ್ಚು ಎಂಬ ಮಾತಿಗೆ ಬೇರೆಯಾದೆವು, ಆಮೇಲೆ ಮಾತಿಲ್ಲ. ಅವನು ತಲೆಪೂರ್ತಿ ಮುಚ್ಚುವ ಟೋಪಿ ಹಾಕಿಕೊಂಡು, ಅದಕ್ಕೆ ಹೊರಗಿನ ಗಾಳಿ ತರುವ ಉದ್ದ ಪೈಪು ಜೋಡಿಸಿಕೊಂಡು ಗನ್ ಹೊಡೆಯುತ್ತಾನೆ. ಅದನ್ನು ಕಂಡು ನಾವು ಬೈಲಹೊಂಗಲದ ಪೇಂಟರರು ಅವನಿಗೆ ಗಣಪತಿ ಎಂದು ಹೆಸರಿಟ್ಟಿದ್ದೆವು. ಹೆಸರಿಟ್ಟವನು ನಾನೇ.

ಅವನ ಕಡೆಗೇ ಹೊರಟೆ, ಹೆಂಡತಿ ಬೈಕಿನ ಹಿಂದೆ ಕೂತಳು. ಅವನ ಶೆಡ್ಡಿನ ಮುಂದೆ ಇಳಿದಾಗ ಅವನು ಒಂದು ಟ್ರ್ಯಾಕ್ಟರಿನ ಬಾನೆಟ್ಟಿಗೆ ಪೇಪರ್ ಹಿಡಿದಿದ್ದ. ಮುಖ ಎತ್ತಿ ನೋಡಿದ.

“ಏನ್ಪಾ, ದಾರಿ ತಪ್ಪೇತೇನ?”

“ಎರಡ ಗಾಲಿ ಅದಾವ. ಕ್ಲಿಯರ್ ಹೊಡೀಬೇಕು. ಇವತ್ತ.”

“ಗನ್ ಕೆಟ್ಟೈತಿ?”

“ಗನ್ ನೆಟ್ಟಗೈತಿ.”

ಅವನು ಕೈ ಒರೆಸಿಕೊಳ್ಳುತ್ತಾ ನನ್ನ ಎದೆ ಏರಿಳಿಯುವುದನ್ನು ನೋಡಿದ.

“ಸಂಜಿ ಮುಂದ ಬರತೈತಿ, ಹೌದಲ್ಲ? ಹೊಡದಾಗ ಏನೂ ಇರೂದಿಲ್ಲ. ಊಟಕ್ಕ ಕುಂತಾಗ ಬರತೈತಿ.”

“ನಿನಗ ಯಾರು ಹೇಳಿದ್ರು?”

“ನಮ್ಮ ಅಣ್ಣಗ ಹಂಗ ಬರತಿತ್ತು.”

ಅವನ ಅಣ್ಣನೂ ಪೇಂಟರನಾಗಿದ್ದ. ಸತ್ತು ಕೆಲವು ವರ್ಷಗಳಾಗಿದ್ದವು. ಕುಡಿದು ಸತ್ತ ಎಂದು ನಮ್ಮ ಕಡೆ ಮಾತು. ಆ ಮಾತನ್ನು ನಾನೂ ಆಡಿದ್ದೆ.

“ಅವ ಕುಡೀತಿದ್ದಿಲ್ಲೇನ?” ಎಂದು ಕೇಳಿಬಿಟ್ಟೆ.

“ಕುಡೀತಿದ್ದ. ಉಸಿರ ಸಿಗವಲ್ದು, ನಿದ್ದಿ ಹತ್ತವಲ್ದು ಅಂತ ಕುಡೀತಿದ್ದ.” ಪೇಪರನ್ನು ನೀರಿನ ಬುಟ್ಟಿಗೆ ಹಾಕಿದ. “ನಡಿ, ಬರತೇನಿ. ಸೊಂಡಿ ತಗೊಂಡ ಬರತೇನಿ ಮತ್ತ. ನಗಬ್ಯಾಡ.”

ಹೆಂಡತಿ ಅವನಿಗೆ ಕೈ ಮುಗಿದಳು. ನಾನು ಮುಗಿಯಲಿಲ್ಲ. ಈಗ ಅನ್ನಿಸುತ್ತದೆ, ಮುಗಿಯಬಹುದಿತ್ತು.

ಅವನು ನನ್ನ ಶೆಡ್ಡಿಗೆ ಬಂದು ಗಾಲಿಗಳನ್ನು ಬಗ್ಗಿ ನೋಡಿದ. ಕುಳಿಗಳ ಹತ್ತಿರ ಮುಖ ಒಯ್ದು, “ಭಂಡಾರ ಹೆಂಗ ತಗದಿ?” ಅಂದ.

“ಬಿಸಲಿಗೆ ಇಟ್ಟೆ.”

“ಯಾರ ಬುದ್ಧಿ ಅದು?”

ನಾನು ಹೆಂಡತಿಯ ಕಡೆ ತೋರಿಸಿದೆ. “ಅದಕ್ಕ ಅಂತೇನಿ, ನಿಂದಿರಲಿಕ್ಕಿಲ್ಲ” ಅಂದ. ಆಮೇಲೆ ನನ್ನನ್ನು ಹೊರಗೆ ಅಟ್ಟಿದ. ಹೆಂಡತಿಯನ್ನೂ ಅಟ್ಟಿದ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಒಂದು ಹಿಡಿ ಮಣ್ಣು ತೂರಿ ನೋಡಿ, ರಸ್ತೆಯ ಆ ಕಡೆ ಪಂಕ್ಚರ್ ಅಂಗಡಿಯ ಹತ್ತಿರ ಹೋಗಿ ಕೂಡಲು ಹೇಳಿದ. ನಾನೇ ಕಟ್ಟಿದ ಶೆಡ್ಡು. ಹೋಗಿ ಕೂತೆ. ಗಿರಣಿಯ ಅಕ್ಕನೂ ಬಂದು ಪಕ್ಕದಲ್ಲಿ ಕೂತಳು.

ಅಲ್ಲಿಂದ ಏನೂ ಕಾಣುವುದಿಲ್ಲ, ಪ್ಲಾಸ್ಟಿಕ್ಕಿನ ಪಡದೆ ಬಿಟ್ಟಿದ್ದ. ಕಂಪ್ರೆಸರ್ ಶುರುವಾಯಿತು. ಅದರ ಗದ್ದಲದ ಮೇಲೆ ಗನ್ನಿನ ಸದ್ದು ಬೇರೆಯಾಗಿ ಕೇಳುತ್ತದೆ, ಬಟ್ಟೆ ಹರಿದ ಹಾಗೆ. ಮೊದಲು ಗಾಲಿಯ ಒಳ ಅಂಚು, ಸಣ್ಣ ಸಣ್ಣ ಸದ್ದು. ಆಮೇಲೆ ಅರಗಳು, ಒಂದೊಂದಕ್ಕೂ ಒಂದು ಎಳೆತ, ಎಳೆತ ಮುಗಿಯುವಲ್ಲಿ ಬೆರಳು ಬಿಟ್ಟ ಚಿಕ್ಕ ತಡೆ. ನಾನು ಕೇಳುತ್ತಾ ಉಸಿರು ಹಿಡಿದಿದ್ದೆ, ಹಳೆಯ ರೂಢಿ. ಹೆಂಡತಿ ಮೊಣಕೈಯಿಂದ ತಿವಿದಳು. ಸಂದಿನ ಹತ್ತಿರ ಅವನ ಕೈ ನಿಧಾನವಾಗುತ್ತದೆ, ಅಲ್ಲಿ ಕ್ಲಿಯರ್ ಇಳಿಸುತ್ತಾನೆ ಎಂದು ಕಾದೆ. ನಿಧಾನವಾಗಲಿಲ್ಲ. ಆರಲು ಬಿಟ್ಟ, ನಾನು ಬಿಡುವಷ್ಟೇ ಹೊತ್ತು ಬಿಟ್ಟ. ಎರಡನೆಯ ಕೋಟಿಗೆ ಎಳೆತಗಳು ಉದ್ದವಾದವು. ಅವನು ಮುಗಿಸಿದ್ದು ನನಗೆ ಕಂಪ್ರೆಸರ್ ನಿಲ್ಲುವ ಮೊದಲೇ ಗೊತ್ತಾಯಿತು.

ಅವನು ಟೋಪಿ ಬಿಚ್ಚಿ ರಸ್ತೆ ದಾಟಿ ಬಂದ. ಕೂದಲೆಲ್ಲ ಬೆವರಿನಲ್ಲಿ ತೊಯ್ದಿತ್ತು. “ನಾಳಿ ತನಕಾ ಒಳಗ ಕಾಲ ಇಡಬ್ಯಾಡ” ಅಂದ. “ಇನ್ನ ಮುಂದ ಉಜ್ಜೂ ಕೆಲಸ ನೀ ಮಾಡು. ಹೊಡಿಯೂದಿದ್ರ ನನ್ನ ಕಡೆ ಕಳಸು. ನಿನ್ನಷ್ಟ ಚೊಕ್ಕ ಉಜ್ಜಾವ್ರು ನಮ್ಮ ಕಡೆ ಇಲ್ಲ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆ ಒಳ್ಳೆಯತನವನ್ನು ನುಂಗುವುದು ಬೈಗುಳಕ್ಕಿಂತ ಕಷ್ಟವಾಯಿತು. ಚಹಾ ಕುಡಿದು ಹೋದ.

ಮರುದಿನ ವಾಸನೆ ಪೂರ್ತಿ ಹೋಗಿದೆಯೆಂದು ಹೆಂಡತಿ ನೋಡಿ ಬಂದ ಮೇಲೆ, ಗಾಲಿಗಳನ್ನು ಹೊರಗೆ ಬಿಸಿಲಿಗೆ ತರಿಸಿದೆ. ಅವನು ಹೊಡೆದ ಎರಡನ್ನೂ ನೆಲಕ್ಕೆ ಕೂತು ನೋಡಿದೆ. ಬಿಸಿಲನ್ನು ಒಂದು ಕಡೆಯಿಂದ ಹಿಡಿದು, ಮತ್ತೊಂದು ಕಡೆಯಿಂದ ಹಿಡಿದು, ಪ್ರತಿ ಅರದ ಬದಿಯಲ್ಲಿ ಉಗುರು ಎಳೆದು ನೋಡಿದೆ. ಇಳಿದದ್ದು ಒಂದಿರಬೇಕು, ಧೂಳಿನ ಕಣ ಒಂದಿರಬೇಕು, ಕೋಟು ತೆಳುವಾದ ಜಾಗ ಒಂದಿರಬೇಕು. ಸಣ್ಣದೊಂದು ತಪ್ಪು ಸಿಕ್ಕಿದ್ದರೆ ಸಾಕಾಗಿತ್ತು, ಅವನಿಗೆ ಹೇಳುತ್ತಲೂ ಇರಲಿಲ್ಲ, ನನ್ನೊಳಗೇ ಇಟ್ಟುಕೊಳ್ಳುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಸಿಗಲಿಲ್ಲ.

ಮಧ್ಯಾಹ್ನ ಡ್ರೈವರ್ ಬಂದ. ಟೈರು ಹಾಕಿಸಿ, ಗಾಲಿಗಳನ್ನು ಕಾರಿಗೆ ಬಿಗಿದು ಜಾಕು ಇಳಿಸಿದೆವು. ಡ್ರೈವರ್ ಆ ಕಡೆಯಿಂದ ಈ ಕಡೆಯಿಂದ ಸುತ್ತು ಹಾಕಿ ನೋಡಿದ. ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನ ಮುಖವನ್ನು ಅದರಲ್ಲಿ ನೋಡಿಕೊಂಡು ಮೀಸೆ ತಿದ್ದಿಕೊಂಡ. ಅದು ನೇಸರಗಿಯವನು ಹೊಡೆದ ಗಾಲಿ.

“ಕೈ ಅಂದ್ರ ನಿಮ್ಮ ಕೈ ನೋಡ್ರಿ ಅಣ್ಣಾರ” ಅಂದ. “ಇಂಥಾ ಕೆಲಸಾ ಬ್ಯಾರೆ ಯಾರ ಕಡಿಂದನೂ ಆಗೂದಿಲ್ಲ.”

ಹೆಂಡತಿ ನನ್ನ ಕಡೆ ನೋಡಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ.

“ಮುಂದಿನವು ನಾ ಹೊಡದದ್ದು. ಇದು ನೇಸರಗಿಯವನ ಕೈ” ಅಂದೆ. ಅಷ್ಟು ಮಾತು ಮುಗಿಸುವುದಕ್ಕೆ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.